ಗುಂಪಿನಲ್ಲಿ ತೂಕ ಇಳಿಕೆ, ಪಂಕ್ತಿಯಲ್ಲಿ ಊಟ

ತೂಕ ಹೆಚ್ಚಿರುವ ಹತ್ತು ಹದಿನೈದು ಜನ ವಾರಕ್ಕೊಮ್ಮೆ ಒಂದು ಕಡೆ ಸೇರಿ, ತೂಕ ನೋಡಿಕೊಂಡು, ಆ ವಾರ ಏನು ತಿಂದೆವು, ಎಷ್ಟು ನಡೆದೆವು, ಎಲ್ಲಿ ಎಡವಿದೆವು ಎಂದು ಮಾತಾಡಿಕೊಳ್ಳುವ ವ್ಯವಸ್ಥೆಯೇ ತೂಕ ಇಳಿಸುವ ಗುಂಪು. ಇದಕ್ಕೆ ಜಿಮ್ಮಿನ ಯಂತ್ರಗಳು ಬೇಡ, ದುಬಾರಿ ಔಷಧವೂ ಬೇಡ. ಒಂದು ಕೋಣೆ, ಒಂದಷ್ಟು ಕುರ್ಚಿ, ಒಂದು ತೂಕದ ಯಂತ್ರ ಸಾಕು. ಇಷ್ಟು ಸರಳವಾದ ಏರ್ಪಾಡು ಒಂಟಿಯಾಗಿ ಮಾಡುವ ಪಥ್ಯಕ್ಕಿಂತ ಹೆಚ್ಚು ದಿನ ಜನರನ್ನು ಹಾದಿಯಲ್ಲಿ ಇರಿಸುತ್ತದೆ. ಅದಕ್ಕೆ ಕಾರಣವಿದೆ. ಏನು ತಿನ್ನಬಾರದು ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಬಡಿಸುವ ಸೌಟು ಎಲೆಯ ಮುಂದೆ ಬಂದು ನಿಂತಾಗ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅದನ್ನು ಪಥ್ಯದ ಚೀಟಿ ಹೇಳಿಕೊಡುವುದಿಲ್ಲ, ಅದೇ ಪೇಚಿಗೆ ಸಿಕ್ಕಿ ಬಂದ ಇನ್ನೊಬ್ಬರು ಹೇಳಿಕೊಡಬಲ್ಲರು.

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಗೃಹಿಣಿಯರ ಮನೆಗಳಲ್ಲಿ. 1948ರಲ್ಲಿ ಮಿಲ್ವಾಕಿ ನಗರದ ಎಸ್ತರ್ ಮಾಂಜ್ ಕೆಲವು ಗೆಳತಿಯರನ್ನು ಸೇರಿಸಿಕೊಂಡು ‘ಟಾಪ್ಸ್’ ಎಂಬ ಕೂಟ ಆರಂಭಿಸಿದರು. ಬಾಣಂತಿತನಕ್ಕೆ ಮುಂಚೆ ಗರ್ಭಿಣಿಯರಿಗೆ ನಡೆಸುವ ಸಾಮೂಹಿಕ ತರಗತಿಗಳು ಅವರಿಗೆ ಮಾದರಿಯಾಗಿದ್ದವು. ಹೆಚ್ಚು ಪ್ರಸಿದ್ಧವಾದದ್ದು 1961ರಲ್ಲಿ ನಡೆದ ಎರಡನೆಯ ಪ್ರಯೋಗ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಜೀನ್ ನೈಡೆಚ್ ಆಗ ಸುಮಾರು 97 ಕೆ.ಜಿ. ತೂಗುತ್ತಿದ್ದರು. ನಗರದ ಆರೋಗ್ಯ ಇಲಾಖೆ ನಡೆಸುತ್ತಿದ್ದ ಬೊಜ್ಜಿನ ಚಿಕಿತ್ಸಾಲಯಕ್ಕೆ ಹೋದರು, ಅಲ್ಲಿ ಪಥ್ಯ ಹೇಳಿದರು, ತೂಕವೂ ಸ್ವಲ್ಪ ಇಳಿಯಿತು. ಆದರೆ ಕದ್ದು ಬಿಸ್ಕತ್ತು ತಿನ್ನುವ ಅಭ್ಯಾಸ ಬಿಟ್ಟಿರಲಿಲ್ಲ, ಅದನ್ನು ಚಿಕಿತ್ಸಾಲಯದಲ್ಲಿ ಹೇಳುವ ಧೈರ್ಯವೂ ಇರಲಿಲ್ಲ. ಕೊನೆಗೆ ಆರು ಜನ ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಒಪ್ಪಿಕೊಂಡರು. ನೋಡಿದರೆ ಆ ಗೆಳತಿಯರ ಬಳಿಯೂ ಇಂಥದೇ ಗುಟ್ಟುಗಳಿದ್ದವು. ವಾರವಾರ ಸೇರುವುದು ಶುರುವಾಯಿತು, ಜನ ಹೆಚ್ಚಿದರು, 1962ರ ಹೊತ್ತಿಗೆ ನೈಡೆಚ್ ತೂಕ 64 ಕೆ.ಜಿ.ಗೆ ಇಳಿಯಿತು. 1963ರಲ್ಲಿ ‘ವೇಟ್ ವಾಚರ್ಸ್’ ಕಂಪನಿಯಾಯಿತು, 1978ರಲ್ಲಿ ಹೈಂಜ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಚಿಕಿತ್ಸಾಲಯದ ಪಥ್ಯ ಮತ್ತು ಗೆಳತಿಯರ ಪಥ್ಯ ಹೆಚ್ಚುಕಡಿಮೆ ಒಂದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಬದಲಾದದ್ದು ನಿಜ ಹೇಳಲು ಸಿಕ್ಕ ಜಾಗ.

ಗುಂಪಿನ ಫಲವನ್ನು ಅಳೆದು ನೋಡಿದ ಅಧ್ಯಯನಗಳಿವೆ. ಆಸ್ಟ್ರೇಲಿಯಾ, ಜರ್ಮನಿ, ಬ್ರಿಟನ್ನುಗಳ 772 ಜನರನ್ನು ಎರಡು ಪಾಲು ಮಾಡಿ, ಅರ್ಧ ಜನರನ್ನು ವೈದ್ಯರ ಮಾಮೂಲಿ ಸಲಹೆಗೂ ಉಳಿದವರನ್ನು ವೇಟ್ ವಾಚರ್ಸ್ ಸಭೆಗಳಿಗೂ ಕಳಿಸಿದ ಅಧ್ಯಯನ 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಮೊದಲನೆಯವರು ಸರಾಸರಿ ಎರಡು ಕೆ.ಜಿ. ಚಿಲ್ಲರೆ ಇಳಿದಿದ್ದರೆ, ಸಭೆಗೆ ಹೋದವರು ಐದು ಕೆ.ಜಿ. ಇಳಿದಿದ್ದರು. ಅಧ್ಯಯನಕ್ಕೆ ಹಣ ಕೊಟ್ಟದ್ದು ಅದೇ ಕಂಪನಿ ಎಂಬುದನ್ನೂ ಓದುಗರು ತಿಳಿದಿರಬೇಕು. ಆ ನಂಟಿಲ್ಲದ ಸಾಕ್ಷ್ಯವೂ ಇದೆ. 1999ರಲ್ಲಿ ರೆನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಒಂಟಿಯಾಗಿ ಬಂದು ಸೇರಿದ್ದರು, ಕೆಲವರು ಮೂವರು ಪರಿಚಿತರೊಡನೆ ಬಂದಿದ್ದರು. ಒಂಟಿಯಾಗಿ ಬಂದು ಮಾಮೂಲಿ ತರಬೇತಿ ಪಡೆದವರಲ್ಲಿ ಶೇ 76 ಜನ ಕೊನೆಯವರೆಗೆ ಉಳಿದರು. ಗೆಳೆಯರೊಡನೆ ಬಂದು, ಪರಸ್ಪರ ಬೆಂಬಲಿಸುವ ತರಬೇತಿಯನ್ನೂ ಪಡೆದವರಲ್ಲಿ ಶೇ 95 ಜನ ಉಳಿದರು. ಇಳಿಸಿದ ತೂಕವನ್ನು ಪೂರ್ತಿ ಕಾಯ್ದುಕೊಂಡವರು ಮೊದಲನೆಯವರಲ್ಲಿ ಶೇ 24, ಎರಡನೆಯವರಲ್ಲಿ ಶೇ 66.

ನಮ್ಮ ಪಕ್ಕದಲ್ಲೇ ನಡೆದ ಪ್ರಯೋಗ ಕೇರಳದ್ದು. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಿಂದ, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿದ್ದ 1,007 ಜನರನ್ನು ಆರಿಸಿ, ಅರ್ಧ ಪ್ರದೇಶಗಳಲ್ಲಿ ನೆರೆಹೊರೆಯ ಗುಂಪುಗಳನ್ನು ಕಟ್ಟಲಾಯಿತು. ವರ್ಷದಲ್ಲಿ 15 ಸಭೆಗಳು; ಹೆಚ್ಚಿನವನ್ನು ನಡೆಸಿದವರು ಅದೇ ಊರಿನವರು. ಎರಡು ವರ್ಷದ ನಂತರ ಗುಂಪಿದ್ದ ಕಡೆ ಶೇ 14.9, ಇಲ್ಲದ ಕಡೆ ಶೇ 17.1 ಜನರಿಗೆ ಕಾಯಿಲೆ ಕಾಣಿಸಿಕೊಂಡಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಈ ಅಂತರ ಖಚಿತವೆನ್ನಲು ಸಾಲದು. ಆದರೂ ಗುಂಪಿನವರು ಹಣ್ಣು ತರಕಾರಿ ಹೆಚ್ಚು ತಿಂದಿದ್ದರು, ಕುಡಿತ ತಗ್ಗಿಸಿದ್ದರು. ಗುಂಪು ಪವಾಡ ಮಾಡುತ್ತದೆಂದು ಯಾರಾದರೂ ಜಾಹೀರಾತು ಕೊಟ್ಟರೆ ಈ ಅಂಕಿಗಳನ್ನು ನೆನೆಯುವುದು ಒಳ್ಳೆಯದು. ಅದು ಕೊಡುವುದು ಕೆಲವು ಕೆ.ಜಿ. ಇಳಿಕೆ, ಒಂದಷ್ಟು ಒಳ್ಳೆಯ ಅಭ್ಯಾಸ. ಹಾಗೆಂದು ಕೆಲವು ಕೆ.ಜಿ.ಯನ್ನು ಕಡೆಗಣಿಸುವಂತಿಲ್ಲ. ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ತೂಕದ ಶೇ 7 ಭಾಗ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಶೇ 58ರಷ್ಟು ಕಡಿಮೆಯಾಗಿತ್ತು. 80 ಕೆ.ಜಿ. ಇರುವವರಿಗೆ ಶೇ 7 ಎಂದರೆ ಸುಮಾರು ಐದೂವರೆ ಕೆ.ಜಿ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ ಮಹಿಳೆಯರಲ್ಲೂ ಪುರುಷರಲ್ಲೂ ಶೇ 30ಕ್ಕಿಂತ ತುಸು ಹೆಚ್ಚು ಜನ ಅಧಿಕ ತೂಕದವರು. ಆ ಸಮೀಕ್ಷೆ ಹಿಡಿದದ್ದು 25ರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಗೆರೆ. ಭಾರತೀಯರ ಮೈಯಲ್ಲಿ ಅದೇ ತೂಕಕ್ಕೆ ಕೊಬ್ಬಿನ ಪಾಲು ಹೆಚ್ಚು. ಅದಕ್ಕಾಗಿ ನಮ್ಮ ವೈದ್ಯರು 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಬೊಜ್ಜು ಎನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

ಗುಂಪು ಕಟ್ಟುವ ಕೆಲಸ ಶುರುವಾಗುವುದು ಪರಿಚಿತರಿಂದ. ವಾಕಿಂಗ್ ಗೆಳೆಯರು, ಒಂದೇ ಕಚೇರಿಯವರು, ಸ್ತ್ರೀಶಕ್ತಿ ಸಂಘದವರು, ಅಪಾರ್ಟ್‌ಮೆಂಟಿನ ನೆರೆಯವರು, ಯಾರಾದರೂ ಆದೀತು. ಎಂಟಕ್ಕಿಂತ ಕಡಿಮೆಯಿದ್ದರೆ ಇಬ್ಬರು ಊರಿಗೆ ಹೋದ ವಾರ ಸಭೆಯೇ ನಡೆಯುವುದಿಲ್ಲ. ಹದಿನೈದು ದಾಟಿದರೆ ಎಲ್ಲರಿಗೂ ಮಾತಾಡಲು ಹೊತ್ತು ಸಾಲದು. ಸಭೆಯ ದಿನ, ವೇಳೆ ಬದಲಾಗಬಾರದು. ಒಂದು ಗಂಟೆ ಸಾಕು. ಸೇರುವ ಮುನ್ನ ಪ್ರತಿಯೊಬ್ಬರೂ ವೈದ್ಯರ ಬಳಿ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ತೋರಿಸಿಕೊಳ್ಳುವುದು ಕ್ಷೇಮ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳಲ್ಲಿ ಇರುವವರು ಊಟ ಕಡಿಮೆ ಮಾಡಿ ಔಷಧದ ಪ್ರಮಾಣವನ್ನು ಹಾಗೇ ಉಳಿಸಿಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ತಿಂದದ್ದನ್ನು ಬಲವಂತವಾಗಿ ಕಕ್ಕುವಂಥ ತೊಂದರೆ ಇರುವವರು ಇಂಥ ಗುಂಪಿಗೆ ತಕ್ಕವರಲ್ಲ. ಅವರಿಗೆ ವೈದ್ಯರ ನೇರ ನಿಗಾ ಬೇಕು.

ತೂಕವನ್ನು ಒಬ್ಬೊಬ್ಬರಾಗಿ, ಮರೆಯಲ್ಲಿ ನೋಡಬೇಕು. ಪುಸ್ತಕದಲ್ಲಿ ಬರೆಯಬೇಕು, ಕೂಗಿ ಹೇಳಬಾರದು. ಹಿಂದಿನ ವಾರಕ್ಕಿಂತ ಅರ್ಧ ಕೆ.ಜಿ. ಇಳಿದಿದ್ದರೆ ಒಳ್ಳೆಯದು, ಒಂದು ಕೆ.ಜಿ.ಗಿಂತ ಹೆಚ್ಚು ಇಳಿಸುವ ಆತುರ ಬೇಡ. ಹಣ ಕಟ್ಟಿ ಪಂದ್ಯ ಹೂಡುವುದು ಕಚೇರಿಗಳಲ್ಲಿ ಜನಪ್ರಿಯವಾಗಿದೆ. ಪಂದ್ಯದ ಕೊನೆಯ ವಾರ ಉಪವಾಸ ಬಿದ್ದು ಗೆದ್ದವರು ಮರುವಾರ ಸೋತವರಿಗೆ ಪಾರ್ಟಿ ಕೊಡುವುದೂ ಅಷ್ಟೇ ಜನಪ್ರಿಯ. ಗುಂಪು ನಡೆಸುವವರು ಪುಡಿ, ಶೇಕ್, ಮಾತ್ರೆ ಮಾರುತ್ತಿದ್ದರೆ ಅದು ಅಂಗಡಿ, ಅಲ್ಲಿಂದ ಎದ್ದು ಬರುವುದೇ ಸರಿ. ಸದಸ್ಯರು ಮಾಡಬೇಕಾದ ಮುಖ್ಯ ಕೆಲಸ ತಿಂದದ್ದನ್ನೆಲ್ಲ ಬರೆದಿಡುವುದು. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ದಂಡವಾಗುತ್ತದೆಂದು ಬಾಯಿಗೆ ಹಾಕಿಕೊಂಡದ್ದು, ಎಲ್ಲವೂ ಆ ಪಟ್ಟಿಗೆ ಸೇರಬೇಕು. ಮೊದಲ ಎರಡು ವಾರ ಏನನ್ನೂ ಬಿಡದೆ ಬರೀ ಬರೆದರೂ ಎಷ್ಟೋ ವಿಷಯ ಹೊರಬೀಳುತ್ತದೆ.

ತಿಂದದ್ದರ ಆ ಪಟ್ಟಿ ಬೇಗನೆ ತೋರಿಸಿಕೊಡುವ ಸಂಗತಿ ಒಂದಿದೆ: ಜೊತೆಯಲ್ಲಿ ಜನರಿದ್ದಾಗ ತಿಂದದ್ದೇ ಹೆಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೊ 1980 ಮತ್ತು 90ರ ದಶಕಗಳಲ್ಲಿ ಜನರಿಂದ ಇಂಥವೇ ದಿನಚರಿಗಳನ್ನು ಬರೆಸಿ ಲೆಕ್ಕ ಹಾಕಿದರು. ಒಂಟಿ ಊಟಕ್ಕೆ ಹೋಲಿಸಿದರೆ ಒಬ್ಬರು ಜೊತೆಗಿದ್ದಾಗ ಊಟ ಸುಮಾರು ಮೂರನೇ ಒಂದು ಭಾಗ ಹೆಚ್ಚಿತ್ತು. ಏಳು ಅಥವಾ ಇನ್ನೂ ಹೆಚ್ಚು ಜನರಿದ್ದಾಗ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಮಾತು ಬೆಳೆದಷ್ಟೂ ಎಲೆಯ ಮುಂದೆ ಕೂರುವ ಹೊತ್ತು ಬೆಳೆಯುತ್ತದೆ, ಕೂತಷ್ಟೂ ಕೈ ಆಡುತ್ತದೆ. ಅಪರಿಚಿತರ ಮುಂದೆ ಜನ ಹೀಗೆ ತಿನ್ನುವುದಿಲ್ಲ, ನೆಂಟರು ಗೆಳೆಯರ ನಡುವೆಯೇ ಇದು ಹೆಚ್ಚು. ಮೇಲೆ ಹೇಳಿದ ಅಮೆರಿಕದ ಮಧುಮೇಹ ತಡೆ ಅಧ್ಯಯನದ ಹದಿನಾರು ಪಾಠಗಳಲ್ಲಿ ಒಂದನ್ನು ಹೊರಗಿನ ಊಟಕ್ಕೂ ಇನ್ನೊಂದನ್ನು ನಾಲ್ಕು ಜನರ ನಡುವೆ ತಿನ್ನುವ ಸಂದರ್ಭಗಳಿಗೂ ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ನಮ್ಮ ನಾಡಿನ ಗುಂಪಿಗೆ ಎರಡು ಪಾಠ ಸಾಲುವುದಿಲ್ಲ.

ಮದುವೆ ಊಟವನ್ನೇ ತೆಗೆದುಕೊಳ್ಳಬಹುದು. ಬಾಳೆ ಎಲೆಯ ಮುಂದೆ ಅಳತೆ ಬಡಿಸುವವರ ಕೈಯಲ್ಲಿ ಇರುತ್ತದೆ. ಎಲೆಯಲ್ಲಿ ಬಿಡುವುದು ತಪ್ಪು ಎಂದು ಚಿಕ್ಕಂದಿನಿಂದ ಕಲಿತವರು ಬಿದ್ದದ್ದನ್ನೆಲ್ಲ ಮುಗಿಸುತ್ತಾರೆ. ಮುಗಿದ ಜಾಗ ಕಂಡ ಕೂಡಲೇ ಬಡಿಸುವವರು ಮತ್ತೆ ಬರುತ್ತಾರೆ. ಹಿಂದೆಯೇ ಮನೆಯವರು ಪಂಕ್ತಿಯುದ್ದಕ್ಕೂ ನಡೆದು ಬಂದು, ‘ಇವರಿಗೆ ಇನ್ನೊಂದು ಹೋಳಿಗೆ ಹಾಕಪ್ಪಾ’ ಎನ್ನುತ್ತಾರೆ. ಇಲ್ಲಿ ‘ಬೇಡ’ ಎಂಬ ಮಾತಿಗೆ ಬೆಲೆಯಿಲ್ಲ, ಏಕೆಂದರೆ ಬೇಕಿದ್ದವರೂ ಮೊದಲ ಸಲ ಬೇಡವೆನ್ನುವುದು ನಮ್ಮಲ್ಲಿ ಮರ್ಯಾದೆ. ಕೆಲಸಕ್ಕೆ ಬರುವುದು ಅಳತೆಯ ಮಾತು: ‘ಅರ್ಧ ಹಾಕಿ’, ‘ಒಂದೇ ಚಮಚ’, ‘ಎರಡು ತುತ್ತು ಅನ್ನ ಸಾಕು’. ಅರ್ಧ ಹೋಳಿಗೆ ಹಾಕಿಸಿಕೊಂಡವರಿಗೆ ಇನ್ನೊಂದು ಸುತ್ತಿನಲ್ಲಿ ಉಳಿದರ್ಧ ಹಾಕಿಸಿಕೊಳ್ಳಲು ಅವಕಾಶ ಉಳಿದಿರುತ್ತದೆ. ಎರಡು ಸಲ ಬಡಿಸಿದ ತೃಪ್ತಿ ಮನೆಯವರಿಗೆ, ತಿಂದದ್ದು ಮಾತ್ರ ಒಂದೇ. ಉಪಚಾರ ಮಾಡುವವರು ಸುತ್ತು ಎಣಿಸುತ್ತಾರೆ, ಗ್ರಾಂ ಎಣಿಸುವುದಿಲ್ಲ. ಸಾಕೆಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದು ಎಲ್ಲರಿಗೂ ಅರ್ಥವಾಗುವ ಸಂಜ್ಞೆ, ಅದರಲ್ಲಿ ಒರಟುತನವಿಲ್ಲ.

ಎಲೆಯ ಮೇಲಿರುವುದೆಲ್ಲ ಶತ್ರುಗಳೇನಲ್ಲ. ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ತೊವ್ವೆ ಹೊಟ್ಟೆ ತುಂಬಿಸುತ್ತವೆ, ಆದರೆ ಅವು ಎಲೆಯ ಅಂಚಿಗೆ ಹೆಸರಿಗಷ್ಟೇ ಬೀಳುತ್ತವೆ. ಅವನ್ನೇ ಎರಡನೇ ಸಲ ಕೇಳಿ ಹಾಕಿಸಿಕೊಳ್ಳಬಹುದು. ಕೋಸಂಬರಿ ಕೇಳಿದವರಿಗೆ ಇಲ್ಲವೆಂದ ಅಡುಗೆಯವರು ಇರಲಾರರು. ಅನ್ನ ತೊವ್ವೆಗೊಮ್ಮೆ, ಸಾರಿಗೊಮ್ಮೆ, ಹುಳಿಗೊಮ್ಮೆ, ಮೊಸರಿಗೊಮ್ಮೆ ಬರುತ್ತದೆ. ಪ್ರತಿ ಸಲವೂ ತುತ್ತಿನ ಲೆಕ್ಕ ಹಿಡಿದರೆ ಯಾವುದನ್ನೂ ಬಿಡದೆ ಊಟ ಮುಗಿಯುತ್ತದೆ. ತುಪ್ಪದ ಒಂದು ಸಣ್ಣ ಚಮಚ ಸುಮಾರು 45 ಕ್ಯಾಲೊರಿ. ಹೋಳಿಗೆಯ ಮೇಲೆ ಸುರಿಯುವ ತುಪ್ಪವನ್ನು ಯಾರೂ ಚಮಚದಲ್ಲಿ ಅಳೆಯುವುದಿಲ್ಲವಾದ್ದರಿಂದ ಇದೊಂದನ್ನು ನೆನಪಿಟ್ಟಿರಬೇಕು. ಸಿಹಿಗಳು ನಾಲ್ಕು ಬಗೆಯಿದ್ದರೆ ನಿಜವಾಗಿ ಇಷ್ಟವಾದ ಒಂದನ್ನು ಆರಿಸಿ ನಿಧಾನವಾಗಿ ತಿನ್ನುವುದು ಲೇಸು. ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಛತ್ರಕ್ಕೆ ಹೋಗುವುದು ಮಾತ್ರ ಕೆಟ್ಟ ಉಪಾಯ. ಮುಹೂರ್ತ ಮುಗಿದು ಪಂಕ್ತಿ ಸಿಗುವ ಹೊತ್ತಿಗೆ ಹಸಿವೇ ಯಜಮಾನನಾಗಿರುತ್ತದೆ.

ಆರತಕ್ಷತೆಯ ಬಫೆಯಲ್ಲಿ ಬಲವಂತ ಮಾಡುವವರಿಲ್ಲ, ಆಸೆ ಹುಟ್ಟಿಸುವವು ಹೆಚ್ಚು. ತಟ್ಟೆ ಕೈಗೆತ್ತಿಕೊಳ್ಳುವ ಮುನ್ನ ಬರಿಗೈಯಲ್ಲಿ ಒಂದು ಸುತ್ತು ನೋಡಿ ಬರುವುದು, ತಟ್ಟೆಯ ಅರ್ಧಕ್ಕೆ ತರಕಾರಿ ತುಂಬಿಸುವುದು, ಚಾಟ್ ಮತ್ತು ಐಸ್‌ಕ್ರೀಮ್ ಇರುವ ಕಡೆಯಿಂದ ದೂರ ಕೂರುವುದು, ಇಷ್ಟೇ ಅಲ್ಲಿನ ಜಾಣತನ. ಬೀಗರ ಊಟದಲ್ಲಿ ಮುದ್ದೆ ಸಾರು ತೊಂದರೆ ಕೊಡುವುದಕ್ಕಿಂತ ಸುತ್ತಲಿನ ಕರಿದದ್ದು ಮತ್ತು ಕುಡಿತ ಕೊಡುವ ತೊಂದರೆ ದೊಡ್ಡದು. ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲೊರಿ ಇದೆ, ಜೊತೆಗೆ ಸಾಕೆನ್ನುವ ಎಚ್ಚರವನ್ನೂ ಅದು ಅಳಿಸುತ್ತದೆ.

ನೆಂಟರ ಮನೆಯಲ್ಲಿ ಸಂಗತಿ ಸೂಕ್ಷ್ಮ. ಅಲ್ಲಿ ತಿನ್ನಿಸುವುದು ಪ್ರೀತಿ, ತಿನ್ನದಿರುವುದು ಮುನಿಸು. ‘ಡಯಟ್’ ಎಂಬ ಮಾತೆತ್ತಿದರೆ ಸಾಕು, ‘ಒಂದು ದಿನ ತಿಂದ್ರೆ ಏನೂ ಆಗಲ್ಲ’ದಿಂದ ಹಿಡಿದು ‘ಮುಖ ಎಷ್ಟು ಇಳಿದುಹೋಗಿದೆ ನೋಡು, ಹುಷಾರಿಲ್ವಾ?’ವರೆಗೆ ಚರ್ಚೆ ನಡೆಯುತ್ತದೆ. ಹಿಂದಿನ ದಿನವೇ ಫೋನ್ ಮಾಡಿ, ‘ಅತ್ತೆ, ನಾಳೆ ಬರ್ತೀನಿ, ಎರಡು ಚಪಾತಿ, ನಿಮ್ಮ ಕೈಯ ಬದನೆಕಾಯಿ ಪಲ್ಯ ಮಾಡಿಟ್ಟಿರಿ, ಕರಿದದ್ದು ಬೇಡ’ ಎಂದರೆ ಮಾಡಿಕೊಡುವ ಖುಷಿ ಅತ್ತೆಗೂ ಸಿಗುತ್ತದೆ, ಬೋಂಡದ ಬಾಣಲೆಯೂ ಒಲೆಗೇರುವುದಿಲ್ಲ. ಇಂಥ ಮಾತುಗಳನ್ನು ಗುಂಪಿನಲ್ಲಿ ಅಭಿನಯಿಸಿ ನೋಡುವ ಪದ್ಧತಿಯಿದೆ: ಒಬ್ಬರು ಅತ್ತೆಯಾಗುತ್ತಾರೆ, ಇನ್ನೊಬ್ಬರು ಅಳಿಯ. ನಗು ಬಹಳ ಬರುತ್ತದೆ, ಕಲಿಕೆಯೂ ಆಗುತ್ತದೆ. ಒಮ್ಮೆ ಬಾಯಿಬಿಟ್ಟು ಹೇಳಿ ರೂಢಿಯಾದ ಮಾತು ಪಂಕ್ತಿಯಲ್ಲಿ ತಾನಾಗಿ ಹೊರಬರುತ್ತದೆ.

ಹಬ್ಬಗಳ ಪೈಕಿ ಸಂಕ್ರಾಂತಿಯ ಎಳ್ಳುಬೆಲ್ಲ, ದೇವಸ್ಥಾನದ ಪ್ರಸಾದ ಹಿಡಿಯಷ್ಟೇ ಇರುವುದರಿಂದ ಚಿಂತೆಯಿಲ್ಲ. ದೀಪಾವಳಿಯ ಸಿಹಿ ಡಬ್ಬಗಳು ಹಾಗಲ್ಲ, ಅವು ಮನೆಯಲ್ಲಿ ವಾರಗಟ್ಟಲೆ ಉಳಿಯುತ್ತವೆ. ಬಂದ ದಿನವೇ ತಲಾ ಒಂದು ತಿಂದು ಉಳಿದದ್ದನ್ನು ಹಂಚಿಬಿಡುವುದು ವಾಸಿ. ಉಪವಾಸದಿಂದ ತೂಕ ಇಳಿಯುತ್ತದೆಂದು ನಂಬಿದವರು ಏಕಾದಶಿಯ ಫಲಾಹಾರದಲ್ಲಿ ಹಣ್ಣೆಷ್ಟು, ಉಪ್ಪಿಟ್ಟೆಷ್ಟು ಎಂದು ಒಮ್ಮೆ ಬರೆದು ನೋಡಬೇಕು.

ಇಷ್ಟೆಲ್ಲ ಎಚ್ಚರದ ನಡುವೆಯೂ ಯಾರಾದರೂ ಒಂದು ದಿನ ಮನಸಾರೆ ತಿಂದು ಬರುತ್ತಾರೆ. ಮರುದಿನ ತೂಕದ ಯಂತ್ರ ಒಂದೂವರೆ ಕೆ.ಜಿ. ಹೆಚ್ಚು ತೋರಿಸುತ್ತದೆ, ಆ ವಾರ ಸಭೆಗೆ ಬರಲು ನಾಚಿಕೆಯಾಗುತ್ತದೆ, ಅಲ್ಲಿಗೆ ಕಾರ್ಯಕ್ರಮವೂ ನಿಲ್ಲುತ್ತದೆ. ಗುಂಪು ಬಿಟ್ಟವರ ಕಥೆ ಹೆಚ್ಚಾಗಿ ಇದೇ. ಲೆಕ್ಕ ಗೊತ್ತಿದ್ದರೆ ಹೀಗಾಗುವುದಿಲ್ಲ. ಒಂದು ಕೆ.ಜಿ. ಕೊಬ್ಬು ಮೈಗೂಡಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು; ಒಂದು ಮದುವೆ ಊಟದಿಂದ ಅದು ಸಾಧ್ಯವಿಲ್ಲ. ರಾತ್ರೋರಾತ್ರಿ ಏರಿದ ತೂಕದ ಬಹುಪಾಲು ಉಪ್ಪು ಹಿಡಿದಿಟ್ಟ ನೀರು, ಅನ್ನ ಸಕ್ಕರೆಗಳು ಪಿತ್ತಜನಕಾಂಗದಲ್ಲೂ ಸ್ನಾಯುಗಳಲ್ಲೂ ಶೇಖರವಾಗುವಾಗ ಜೊತೆಗೆಳೆದುಕೊಂಡ ನೀರು, ಇನ್ನೂ ಜೀರ್ಣವಾಗದ ಊಟ. ಮಾಮೂಲಿ ಆಹಾರಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ. ಇದಕ್ಕೆ ಹೋಲಿಸಿದರೆ ದಿನಕ್ಕೆ ನಾಲ್ಕು ಲೋಟ ಕಾಫಿಗೆ ತಲಾ ಎರಡು ಚಮಚ ಸಕ್ಕರೆ ಹಾಕುವವರು ಸಕ್ಕರೆಯೊಂದರಿಂದಲೇ ದಿನಕ್ಕೆ 160, ತಿಂಗಳಿಗೆ 4,800 ಕ್ಯಾಲೊರಿ ಕುಡಿಯುತ್ತಾರೆ. ಸಂಜೆಯ ಬೇಕರಿ ಪಫ್ಸ್, ಕಚೇರಿಯಲ್ಲಿ ವಾರಕ್ಕೆರಡು ಹುಟ್ಟುಹಬ್ಬಗಳ ಕೇಕು ಈ ಲೆಕ್ಕಕ್ಕೆ ಬಂದೇ ಇಲ್ಲ. ಹಬ್ಬದೂಟಕ್ಕೆ ಹೆದರಿ ದಿನದ ತಿಂಡಿಗೆ ಕಣ್ಣುಮುಚ್ಚುವುದು ಈ ಪ್ರಯತ್ನಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಹೆಚ್ಚು ತಿಂದ ದಿನದ ಮರುದಿನ ಉಪವಾಸವೂ ಬೇಡ. ಮುಂದಿನ ಊಟವನ್ನು ಎಂದಿನಂತೆ ಉಂಡು, ಸಭೆಗೆ ಬಂದು, ನಡೆದದ್ದನ್ನು ಹೇಳಿದರೆ ಸಾಕು. ಆ ವಾರ ಬಂದವರನ್ನು ಗುಂಪು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೆ ಅದರ ಆಯುಸ್ಸು ನಿಂತಿದೆ.

ಮನೆಯವರನ್ನು ಹೊರಗಿಟ್ಟು ಯಾವ ಗುಂಪೂ ಗೆಲ್ಲುವುದಿಲ್ಲ. ಎಷ್ಟೋ ಮನೆಗಳಲ್ಲಿ ತೂಕ ಇಳಿಸಬೇಕಾದವರು ಒಬ್ಬರು, ಎಣ್ಣೆ ಸುರಿಯುವ ಕೈ ಇನ್ನೊಬ್ಬರದು. ಅಡುಗೆ ಮಾಡುವವರೇ ಸದಸ್ಯೆಯಾಗಿದ್ದರೆ, ತಮಗೊಂದು, ಉಳಿದವರಿಗೊಂದು ಎಂದು ಎರಡು ಅಡುಗೆ ಬೇಯಿಸುವ ಹೊರೆ ಅವರ ಮೇಲೆ ಬೀಳುತ್ತದೆ. ಎರಡು ತಿಂಗಳಿಗೊಮ್ಮೆಯಾದರೂ ಮನೆಯವರನ್ನು ಸಭೆಗೆ ಕರೆದು, ಎಲ್ಲರಿಗೂ ಒಂದೇ ಅಡುಗೆ, ತಿಂಗಳಿಗೆ ಇಷ್ಟೇ ಎಣ್ಣೆ ಎಂದು ಒಪ್ಪಿಸುವುದು ಉತ್ತಮ.

ವಾರದ ಸಭೆಗಳನ್ನು ಆರು ತಿಂಗಳು ನಡೆಸಿ, ನಂತರದ ಆರು ತಿಂಗಳು ತಿಂಗಳಿಗೊಮ್ಮೆ ಸೇರುವುದು ಹಲವು ದೇಶಗಳಲ್ಲಿ ರೂಢಿಯಾದ ಕ್ರಮ. ಮೂರು ತಿಂಗಳಿಗೇ ಮುಗಿಸುವ ಕಾರ್ಯಕ್ರಮಗಳು ಅಗ್ಗ, ಆದರೆ ಫಲ ಅಷ್ಟಕ್ಕಷ್ಟೇ. ಬ್ರಿಟನ್ನಿನಲ್ಲಿ 1,267 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೆರಡು ವಾರ ಗುಂಪಿಗೆ ಹೋದವರು ವರ್ಷದ ಕೊನೆಗೆ ಸರಾಸರಿ 4.75 ಕೆ.ಜಿ., ಐವತ್ತೆರಡು ವಾರ ಹೋದವರು 6.76 ಕೆ.ಜಿ. ಇಳಿದಿದ್ದರು. ಎರಡನೇ ವರ್ಷ ಇಬ್ಬರಿಗೂ ತೂಕ ಸ್ವಲ್ಪ ಮರಳಿತ್ತು, ಆದರೂ ವರ್ಷವಿಡೀ ಹೋದವರೇ ಮುಂದಿದ್ದರು. ಕರ್ನಾಟಕದಲ್ಲಿ ಗುಂಪು ಕಟ್ಟುವವರು ಆರಂಭದಲ್ಲೇ ಪಂಚಾಂಗ ಬಿಡಿಸಿಟ್ಟುಕೊಂಡು, ಶ್ರಾವಣದ ಹಬ್ಬಗಳು, ದೀಪಾವಳಿ, ಮದುವೆಯ ತಿಂಗಳುಗಳು ಎಲ್ಲವೂ ಒಳಗೆ ಬರುವಂತೆ ಪೂರ್ತಿ ಒಂದು ವರ್ಷದ ಸಭೆಗಳನ್ನು ಗೊತ್ತುಮಾಡಬೇಕು.